ಹೆಸರು ಅಂಟಿನದು, ಕೆಲಸ ಬೆಲ್ಲದ್ದು

ಗೋಕಾಕದ ಪೇಟೆಯಲ್ಲಿ ಪೀಚ್ ಹಣ್ಣು ಕೇಳಿದರೆ ಅಂಗಡಿಯವರು ಮೊದಲು ನಿಮ್ಮ ಮುಖ ನೋಡುತ್ತಾರೆ. ಡಿಸೆಂಬರ್ ರಜೆಗೆ ಅಮೆರಿಕದ ಜಾರ್ಜಿಯಾದಿಂದ ಬಂದಿದ್ದ ನನ್ನ ಅಣ್ಣನ ಮಗಳಿಗೂ ಹಾಗೇ ಆಯಿತು. ಅಲ್ಲಿ ಕಲಿತ ಪೀಚ್ ಕಾಬ್ಲರನ್ನು ಆಯಿಗೆ, ಅಂದರೆ ನನ್ನ ಅವ್ವಗೆ, ಮಾಡಿ ತಿನ್ನಿಸಬೇಕೆಂದು ಅವಳ ಹಟ. ಹಣ್ಣಿನವ ತಲೆ ಕೆರೆದುಕೊಂಡು, ‘ಅಂಥಾ ಹಣ್ಣ ನಮ್ಮ ಕಡೆ ಬರೂದಿಲ್ರಿ ಅಕ್ಕಾರ. ಮರದ್ದ ನಡೀತದಂದ್ರ ಹೇಳ್ರಿ, ಗೊಂಬಿ ಮಾಡಾವ್ರು ಮಾಡಿ ಕೊಡ್ತಾರ’ ಎಂದು ನಕ್ಕ.

ಆ ಮಾತು ಪೂರ್ತಿ ತಮಾಷೆಯಾಗಿರಲಿಲ್ಲ. ಹಗುರ ಮರ ಕೆತ್ತಿ, ಬಣ್ಣ ಬಳಿದು, ಕೈಗೆತ್ತಿಕೊಳ್ಳುವ ತನಕ ನಿಜವೆಂದೇ ತೋರುವ ಮಾವು, ಬಾಳೆ, ಸೀತಾಫಲ ಮಾಡುವುದು ಗೋಕಾಕದ ಹಳೆಯ ಕಸುಬು. ನಮ್ಮ ಮನೆಯ ಗಾಜಿನ ಕಪಾಟಿನಲ್ಲೂ ಅಂಥದೊಂದು ಬುಟ್ಟಿ ಇದೆ. ಸಣ್ಣಂದಿನಲ್ಲಿ ನಾವೆಲ್ಲ ಒಮ್ಮೆಯಾದರೂ ಅದಕ್ಕೆ ಹಲ್ಲು ಹಾಕಿದವರೇ.

ಕಾಬ್ಲರ್ ಬೇಯಿಸಲು ಓವನ್ ಇತ್ತು, ಕರೆಂಟಿಗೂ ಕೊರತೆಯಿರಲಿಲ್ಲ. ಜಲಪಾತದ ನೀರಿನಿಂದ 1887ರಲ್ಲೇ ವಿದ್ಯುತ್ ತೆಗೆದ ಊರಿದು. ಬರ ಇದ್ದದ್ದು ಹಣ್ಣಿಗೆ ಮಾತ್ರ.

ಬುಟ್ಟಿ ಖಾಲಿ ಹಿಡಿದು ಬಂದ ಮೊಮ್ಮಗಳನ್ನು ನೋಡಿ ಅವ್ವ ಒಂದೇ ಮಾತು ಕೇಳಿದಳು: ‘ಅಲ್ಲಿ ಮಂದಿ ಅದನ್ನ ಯಾಕ ಮಾಡ್ತಾರ?’

ಕೈಗೆ ಸಿಕ್ಕಿದ್ದರ ಸಿಹಿ

ಪ್ರಶ್ನೆ ಸಣ್ಣದಲ್ಲ. ಕಾಬ್ಲರ್ ಎಂದರೆ ಅಗಲ ಪಾತ್ರೆಯ ತಳಕ್ಕೆ ಹೆಚ್ಚಿದ ಹಣ್ಣು, ಸಕ್ಕರೆ ಹರಡಿ, ಮೇಲೆ ಮೈದಾ, ಬೆಣ್ಣೆ, ಹಾಲು ಕಲಸಿದ ಹಿಟ್ಟಿನ ಮುದ್ದೆಗಳನ್ನು ಅಲ್ಲಲ್ಲಿ ಇಟ್ಟು ಬೇಯಿಸುವ ತಿನಿಸು. ಕೆಳಗೆ ಹಣ್ಣಿನ ರಸ ಕೊತಕೊತ ಕುದಿಯುತ್ತದೆ, ಮೇಲೆ ಹಿಟ್ಟು ಉಬ್ಬಿ ಕೆಂಪಗಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಡಿ ಕಟ್ಟಿಕೊಂಡು ಅಮೆರಿಕದ ಪಶ್ಚಿಮಕ್ಕೆ ಹೊರಟ ವಲಸಿಗರಲ್ಲಿ ಇದು ಬಹಳ ಬಳಕೆಯಲ್ಲಿತ್ತು. ತಾಯ್ನಾಡಿನಲ್ಲಿದ್ದಂತೆ ಹದವಾಗಿ ಲಟ್ಟಿಸಿ ಮುಚ್ಚಿದ ಕಡುಬು ಮಾಡಲು ಅವರಿಗೆ ಓವನ್ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ. ಬೀಡಿನ ಪಾತ್ರೆಗೆ ಹಣ್ಣು ಸುರಿದು, ಮೇಲೆ ಹಿಟ್ಟು ಇಟ್ಟು, ಪಾತ್ರೆಯ ಕೆಳಗೆ ಒಂದಿಷ್ಟು ಕೆಂಡ, ಮುಚ್ಚಳದ ಮೇಲೆ ಒಂದಿಷ್ಟು ಕೆಂಡ. ಆ ದಾರಿಯಲ್ಲಿ ಯಾವ ಹಣ್ಣು ಸಿಕ್ಕಿತೋ ಅದರದೇ ಕಾಬ್ಲರ್. ಅಮೆರಿಕದ ದಕ್ಷಿಣದಲ್ಲಿ ಪೀಚ್ ತೋಟಗಳು ಹೆಚ್ಚಾದವು, ಅಲ್ಲಿ ಅದು ಪೀಚ್ ಕಾಬ್ಲರ್ ಆಯಿತು.

ನಮ್ಮಲ್ಲಿ ಪೀಚ್ ಬೆಳೆಯದಿರುವುದಕ್ಕೂ ಕಾರಣವಿದೆ. ಎಲೆ ಉದುರಿಸಿ ಚಳಿಗಾಲದಲ್ಲಿ ಮಲಗುವ ಮರ ಅದು. ಬಹುತೇಕ ತಳಿಗಳಿಗೆ ಏಳು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಗಬೇಕು. ಸಿಗದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಹಿಮಾಚಲ, ಉತ್ತರಾಖಂಡದ ಗುಡ್ಡಗಳಲ್ಲಿ ಆ ಚಳಿ ಇದೆ. ಘಟಪ್ರಭಾ ದಂಡೆಯ ಎರೆಮಣ್ಣಿನಲ್ಲಿ ಇಲ್ಲ. ಆ ಗುಡ್ಡಗಳಲ್ಲೂ ಹಣ್ಣಿನ ಸುಗ್ಗಿ ಬೇಸಿಗೆಯದು, ಡಿಸೆಂಬರಿನದಲ್ಲ.

ಮೊಮ್ಮಗಳು ಇಷ್ಟೆಲ್ಲ ವಿವರಿಸಿದ ಮೇಲೆ ಅವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. ‘ಕೈಗೆ ಸಿಕ್ಕದ್ದರಾಗ ಮಾಡೂದಾದ್ರ ಬಾ. ನಮ್ಮ ಕೈಗೆ ಏನ್ ಸಿಗತದ ನೋಡೂಣು.’ ಡಬ್ಬಿಗಳು ಕೆಳಗಿಳಿದವು. ಉತ್ತತ್ತಿ, ಒಣ ಕೊಬ್ಬರಿ, ಅಂಜೂರ, ದ್ರಾಕ್ಷಿ, ಗೋಡಂಬಿ. ಕಾಗದದ ಪೊಟ್ಟಣದಲ್ಲಿ ಜೇನುಬಣ್ಣದ ಅಂಟು. ಕೊನೆಗೆ, ಬಟ್ಟೆಯಲ್ಲಿ ಸುತ್ತಿಟ್ಟ ಬೆಲ್ಲದ ಪೆಂಟೆ. ಹಸಿ ಹಣ್ಣಿಲ್ಲದ ಚಳಿಗಾಲದಲ್ಲಿ ಒಣಹಣ್ಣಿನಿಂದ ಮಾಡುವ ನಮ್ಮೂರ ಸಿಹಿ, ಕರದಂಟು.

ಅಂಟಿಸದ ಅಂಟು

ಕರಿದ ಅಂಟು, ಅದೇ ಕರದಂಟು. ಅಂಟನ್ನು ತುಪ್ಪದಲ್ಲಿ ಕರಿದು ಹಾಕುವುದರಿಂದ ಬಂದ ಹೆಸರು. ಹೊಸಬರಿಗೆ ಇಲ್ಲೊಂದು ತಪ್ಪು ತಿಳಿವಳಿಕೆ ಆಗುವುದು ಸಹಜ. ಹೆಸರಿನಲ್ಲೇ ಅಂಟು ಇರುವಾಗ ತುಂಡುಗಳನ್ನು ಒಂದಕ್ಕೊಂದು ಹಿಡಿಸುವುದು ಅದೇ ಇರಬೇಕು ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಕರದಂಟಿನ ಅಂಟು ಏನನ್ನೂ ಅಂಟಿಸುವುದಿಲ್ಲ. ತುಪ್ಪಕ್ಕೆ ಬಿದ್ದ ಕೂಡಲೇ ಅದರ ಅಂಟುಗುಣ ಮುಗಿಯಿತು. ಅಲ್ಲಿಂದ ಮುಂದೆ ಅದು ಹಲ್ಲಿಗೆ ಗರಿಗರಿ ಕೊಡುವ ಪದಾರ್ಥ, ಅಷ್ಟೇ.

ತಿನ್ನುವ ಅಂಟು ಸಿಗುವುದು ಜಾಲಿಯ ಜಾತಿಯ ಮರಗಳಿಂದ. ತೊಗಟೆಗೆ ಗಾಯವಾದಾಗ ಮರ ತನ್ನ ಗಾಯ ಮುಚ್ಚಿಕೊಳ್ಳಲು ಸುರಿಸುವ ರಸ ಗಾಳಿಗೆ ಒಣಗಿ ಹರಳಾಗುತ್ತದೆ. ಮಳೆ ನಿಂತು ಹವೆ ಒಣಗಿದ ತಿಂಗಳುಗಳಲ್ಲಿ ಅದನ್ನು ಬಿಡಿಸುತ್ತಾರೆ. ಇದೇ ಬಳಗದ ಅರಬ್ಬೀ ಅಂಟಿಗೆ ಜಗತ್ತಿನಲ್ಲೇ ದೊಡ್ಡ ನೆಲೆ ಸುಡಾನ್. ತಂಪು ಪಾನೀಯದಿಂದ ಹಿಡಿದು ಬಣ್ಣದ ತನಕ ಅದು ಬೀಳದ ಉದ್ಯಮವಿಲ್ಲ. ಗಡಿಯಾಚೆಯ ಮರಾಠಿಯವರು ಇದನ್ನು ಡಿಂಕ ಎನ್ನುತ್ತಾರೆ. ಅವರ ಡಿಂಕಿನ ಲಾಡು, ನಮ್ಮ ಅಂಟಿನುಂಡಿ ಒಂದೇ ಮನೆಯ ಮಕ್ಕಳು.

ರಸಾಯನಶಾಸ್ತ್ರದ ಲೆಕ್ಕದಲ್ಲಿ ಅಂಟು ಎಂದರೆ ಸಕ್ಕರೆಯ ಅಣುಗಳು ಉದ್ದುದ್ದ ಕೊಂಡಿಯಾಗಿ, ಕವಲಾಗಿ ಹೆಣೆದುಕೊಂಡ ನಾರು. ಒಣಗಿದಂತೆ ಕಂಡರೂ ಹರಳಿನ ಒಳಗೆ ಹತ್ತಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚೇ ನೀರು ಉಳಿದಿರುತ್ತದೆ. ಕಾದ ತುಪ್ಪದಲ್ಲಿ ಆ ನೀರು ಹಬೆಯಾಗಿ ಹೊರಗೆ ನುಗ್ಗುವಾಗ ಮೆತ್ತಗಾದ ಅಂಟನ್ನು ಒಳಗಿನಿಂದ ಊದುತ್ತದೆ. ಹರಳು ಕ್ಷಣದಲ್ಲಿ ಬೆಳ್ಳಗೆ, ದಪ್ಪಗೆ ಅರಳಿಬಿಡುತ್ತದೆ. ಜೋಳ ಅರಳಾಗುವುದೂ ಇದೇ ಹಬೆಯ ಆಟದಿಂದ.

ತೊಂದರೆ ಬರುವುದು ದೊಡ್ಡ ಹರಳಿನಲ್ಲಿ. ಹೊರಗಿನ ಪದರ ಅರಳಿ ಗಟ್ಟಿಯಾಗುತ್ತದೆ, ನಡುವಿನ ತಿರುಳು ಹಸಿಯಾಗಿಯೇ ಉಳಿಯುತ್ತದೆ. ತಿನ್ನುವಾಗ ಹಲ್ಲಿಗೆ ಮೆತ್ತಿಕೊಳ್ಳುವುದು ಆ ತಿರುಳೇ. ಅದಕ್ಕೆ ಅವ್ವ ಅಂಟನ್ನು ಮೊದಲು ಕಡಲೆಯ ಗಾತ್ರಕ್ಕೆ ಕುಟ್ಟುತ್ತಾಳೆ. ಕರಿದದ್ದರಲ್ಲಿ ಒಂದನ್ನೆತ್ತಿ ಬೆರಳಿನ ನಡುವೆ ಒತ್ತಿ ನೋಡುತ್ತಾಳೆ. ಪುಡಿಯಾದರೆ ಬೆಂದಿದೆ, ನಡುವೆ ಕಲ್ಲು ಸಿಕ್ಕರೆ ಮತ್ತೆ ಉರಿ ಬೇಕು.

ಅಂಗಡಿಯಲ್ಲಿ ಕೊಳ್ಳುವಾಗಲೂ ಒಂದು ಎಚ್ಚರ ಬೇಕು. ಬೇಸಿಗೆಯ ಪಾನಕಕ್ಕೆ ನೆನೆಹಾಕುವ, ನೀರಿನಲ್ಲಿ ಮೊಸರಿನಂತೆ ಉಬ್ಬುವ ಬಾದಾಮಿ ಅಂಟು ಬೇರೆ, ತುಪ್ಪದಲ್ಲಿ ಅರಳುವ ಈ ಅಂಟು ಬೇರೆ. ಅದನ್ನು ತಂದು ಕರಿಯಲು ಹೋದರೆ ತುಪ್ಪವೂ ಹಾಳು, ಹೊತ್ತೂ ಹಾಳು.

ಪರಊರಿನ ಸಾಮಾನು, ನಮ್ಮೂರಿನ ಬೆಲ್ಲ

ಸಾಮಾನು ಹರವಿಕೊಂಡು ಕುಳಿತಾಗ ಮೊಮ್ಮಗಳು ಒಂದೊಂದನ್ನೇ ಎತ್ತಿ ‘ಇದು ಎಲ್ಲಿಂದ್ ಬರ್ತದ ಅತ್ತಿ?’ ಎಂದು ಕೇಳತೊಡಗಿದಳು. ಉತ್ತರ ಹೇಳುತ್ತ ಹೋದಂತೆ ನನಗೇ ಬೆರಗು. ಬಾದಾಮಿ ಹೆಚ್ಚಿನದು ಕ್ಯಾಲಿಫೋರ್ನಿಯಾದ್ದು, ಅವಳ ಜತೆಗೆ ವಿಮಾನದಲ್ಲೇ ಬಂದಿದ್ದರೂ ಆಗುತ್ತಿತ್ತು. ಅಂಜೂರ ಅಫ್ಗಾನಿಸ್ತಾನದ್ದು. ಉತ್ತತ್ತಿ ತಲೆಮಾರುಗಳಿಂದ ಸಿಂಧ್ ಪ್ರಾಂತದ ಖರ್ಜೂರ ತೋಟಗಳಿಂದ ಬರುತ್ತಿದ್ದ ಸರಕು. ಕೊಬ್ಬರಿ ತಿಪಟೂರಿನ ಮಾರುಕಟ್ಟೆಯ ಕಡೆಯದು. ಏಲಕ್ಕಿ ಮಲೆನಾಡಿನದು. ಗಸಗಸೆಯನ್ನಂತೂ ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಸರ್ಕಾರದ ಪರವಾನಗಿ ಇದ್ದವರೇ ಬೆಳೆಯಬೇಕು. ಗೋಡಂಬಿಗೆ ನಮ್ಮ ಜಿಲ್ಲೆಯ ಖಾನಾಪುರ ಉಂಟು, ಒಣದ್ರಾಕ್ಷಿಗೆ ಅಥಣಿ, ವಿಜಯಪುರದ ಕಡೆಯ ತೋಟಗಳುಂಟು. ಗೋಕಾಕದ ಹೆಸರು ಹೊತ್ತ ಸಿಹಿಯಲ್ಲಿ ಗೋಕಾಕದ ಸೀಮೆಯದೆಂದು ನಿಸ್ಸಂಶಯವಾಗಿ ಹೇಳಬಹುದಾದದ್ದು ಬೆಲ್ಲ.

ಆ ಬೆಲ್ಲದ ಹಿಂದೆ ಮೂರು ತಾಲ್ಲೂಕುಗಳ ನೀರಿದೆ. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಕಟ್ಟೆ ಹಾಕಿದ್ದಾರೆ. ರಾಜಾ ಲಖಮಗೌಡ ಜಲಾಶಯ ಎಂಬ ಹೆಸರಿನ ಅದರಲ್ಲಿ 51 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಧೂಪದಾಳದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಕಟ್ಟಿದ ಒಡ್ಡು. ಅದರಾಚೆ ಗೋಕಾಕ ಜಲಪಾತ, ಸುಮಾರು 52 ಮೀಟರ್ ಧುಮುಕು. ಧುಮುಕಿದ ನದಿ ಊರು ದಾಟಿ ಮೂಡಲಗಿಯ ಹಳ್ಳಿಗಳ ಹೊಲ ಸವರಿಕೊಂಡು ಕೃಷ್ಣೆಯತ್ತ ಹೋಗುತ್ತದೆ. ಮೂಡಲಗಿ ಈಗ ಬೇರೆ ತಾಲ್ಲೂಕು. ಕೆಲ ವರ್ಷಗಳ ಹಿಂದಿನ ತನಕ ಅದೂ ಗೋಕಾಕದ್ದೇ ಭಾಗ. ಕಾಲುವೆ ನೀರು ಹೋದಲ್ಲೆಲ್ಲ ಕಬ್ಬು. ಹೆಚ್ಚಿನ ಕಬ್ಬು ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆ ಈ ಭಾಗದ ಹಳಬರಲ್ಲೊಂದು. ಉಳಿದ ಕಬ್ಬು ಗಾಣಕ್ಕೆ.

ಮೂಡಲಗಿಯ ಕಡೆ ಗಾಣ ನೋಡಲು ಚಳಿಗಾಲದ ಬೆಳಗು ಸರಿಯಾದ ಹೊತ್ತು. ದಾರಿಯಲ್ಲಿ ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ತಿಳಿಯುತ್ತದೆ. ಅರೆದ ಕಬ್ಬಿನ ಹಾಲಿನಲ್ಲಿ ನೂರಕ್ಕೆ ಎಂಬತ್ತು ಪಾಲು ನೀರೇ. ಅದನ್ನೆಲ್ಲ ಅಗಲ ಕಡಾಯಿಯಲ್ಲಿ ಆರಿಸಬೇಕು. ಉರಿಗೆ ಬೇರೆ ಕಟ್ಟಿಗೆ ಬೇಡ, ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆಯೇ ಸಾಕು. ಹಾಲು ಬಿಸಿಯಾದಾಗ ಬೆಂಡೆಗಿಡದ ಕಾಂಡ ಜಜ್ಜಿ ನೆನೆಹಾಕಿದ ಲೋಳೆ ಸುರಿಯುತ್ತಾರೆ. ಕಸರೆಲ್ಲ ಆ ಲೋಳೆಗೆ ಸಿಕ್ಕಿ ನೊರೆಯಾಗಿ ಮೇಲೆ ಬರುತ್ತದೆ, ಜಾಲರಿ ಸೌಟಿನಿಂದ ಬಳಿದು ಚೆಲ್ಲುತ್ತಾರೆ. ಹುಳಿ ಮುರಿಯಲು ಚೂರು ಸುಣ್ಣ. ಉಕ್ಕಿ ಬಂದಾಗ ಎರಡು ಹನಿ ಎಣ್ಣೆ, ಉಕ್ಕು ಅಲ್ಲೇ ಕುಸಿಯುತ್ತದೆ. ಪಾಕ ಸುಮಾರು 118 ಡಿಗ್ರಿಗೆ ಬಂದಾಗ ಕಡಾಯಿ ಇಳಿಸಿ, ಅಗಲ ತೊಟ್ಟಿಗೆ ಸುರಿದು, ತಿರುವಿ ತಿರುವಿ ಆರಿಸಿ ಅಚ್ಚಿಗೆ ತುಂಬುತ್ತಾರೆ. ನೂರು ಕಿಲೋ ಕಬ್ಬು ಅರೆದರೆ ಹತ್ತು ಹನ್ನೆರಡು ಕಿಲೋ ಬೆಲ್ಲ.

ಕರದಂಟಿಗೆ ಬೆಲ್ಲ ಆರಿಸುವಾಗ ಬಣ್ಣಕ್ಕೆ ಮರುಳಾಗಬಾರದು. ಅರಿಸಿನದಂತೆ ಹಳದಿ ಹೊಳೆಯುವ ಬೆಲ್ಲಕ್ಕೆ ಆ ಬಣ್ಣ ಬಹಳ ಸಲ ಗಂಧಕದ ರಾಸಾಯನಿಕದಿಂದ ಬಂದಿರುತ್ತದೆ. ಆಹಾರ ಸುರಕ್ಷತಾ ನಿಯಮದಂತೆ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ ಮೀರುವಂತಿಲ್ಲ. ಕಂದು ಬಣ್ಣದ, ಒಡೆದರೆ ಒಳಗೆ ಸಣ್ಣ ಹರಳು ಮಿನುಗುವ, ಬಾಯಿಗೆ ಉಪ್ಪು ಹತ್ತದ ಬೆಲ್ಲ ಒಳ್ಳೆಯದು. ಮೆತ್ತಗಿನ, ಜಿನುಗುವ ಬೆಲ್ಲ ಹೋಳಿಗೆಯ ಹೂರಣಕ್ಕೆ ನಡೆದೀತು, ಇದಕ್ಕೆ ನಡೆಯದು.

ನೀರಿನ ಬಟ್ಟಲಿನ ಪರೀಕ್ಷೆ

ಕರದಂಟು ಗೆಲ್ಲುವುದೂ ಸೋಲುವುದೂ ಪಾಕದಲ್ಲೇ. ಒಲೆಯ ಪಕ್ಕ ಅವ್ವ ಒಂದು ಬಟ್ಟಲು ತಣ್ಣೀರು ಇಟ್ಟುಕೊಳ್ಳುತ್ತಾಳೆ. ಕುದಿಯುವ ಪಾಕದ ಹನಿಯನ್ನು ಅದಕ್ಕೆ ಬಿಡುತ್ತಾಳೆ, ಬೆರಳಿನಿಂದ ಕೂಡಿಸುತ್ತಾಳೆ, ಮತ್ತೆ ಬಿಡುತ್ತಾಳೆ. ಮೊದಲ ಹನಿ ನೀರಿನಲ್ಲಿ ಕರಗಿಹೋಗುತ್ತದೆ. ಆಮೇಲಿನದು ತಳದಲ್ಲಿ ಹರಡಿ ನಿಲ್ಲುತ್ತದೆ. ಮತ್ತೊಂದು ನಿಮಿಷಕ್ಕೆ ಮೆತ್ತನೆಯ ಉಂಡೆಯಾಗುತ್ತದೆ, ಎತ್ತಿದರೆ ಬೆರಳ ಮೇಲೆ ಚಪ್ಪಟೆಯಾಗುತ್ತದೆ. ಅದಾದ ಸ್ವಲ್ಪ ಹೊತ್ತಿಗೆ ಉಂಡೆ ಆಕಾರ ಬಿಡದೆ ನಿಲ್ಲುತ್ತದೆ, ಒತ್ತಿದರೆ ಮಾತ್ರ ಬಗ್ಗುತ್ತದೆ. ‘ಇಲ್ಲೇ’ ಎನ್ನುತ್ತಾಳೆ ಅವ್ವ. ಇದನ್ನೂ ದಾಟಿ ಹೋದರೆ ಹನಿ ಬಟ್ಟಲಿಗೆ ಬಡಿದು ಟಣ್ ಎನ್ನುತ್ತದೆ. ಅದು ಶೇಂಗಾ ಚಿಕ್ಕಿಯ ಪಾಕ. ಅದರಲ್ಲಿ ಕರದಂಟು ಮಾಡಿದರೆ ಹಲ್ಲಿನ ಡಾಕ್ಟರಿಗೆ ಲಾಭ.

ಬಟ್ಟಲು ತೋರಿಸುತ್ತಿರುವುದು ನೀರು ಎಷ್ಟು ಉಳಿದಿದೆ ಎಂಬುದನ್ನು. ಬರಿ ನೀರು ನೂರು ಡಿಗ್ರಿಗೆ ಕುದಿಯುತ್ತದೆ. ಸಕ್ಕರೆ ಕರಗಿದ ನೀರು ಅದಕ್ಕಿಂತ ಮೇಲೆ ಕುದಿಯುತ್ತದೆ, ನೀರು ಆರಿದಷ್ಟೂ ಕುದಿಯ ಬಿಸಿ ಏರುತ್ತದೆ. 112ರಿಂದ 116 ಡಿಗ್ರಿಯ ನಡುವೆ ಮೆತ್ತನೆಯ ಉಂಡೆ. ಆಗ ಪಾಕದಲ್ಲಿ ನೂರಕ್ಕೆ ಹದಿನೈದರಷ್ಟು ನೀರು ಇನ್ನೂ ಇದೆ. 118ರಿಂದ 122ರ ಒಳಗೆ ಕರದಂಟಿನ ಹದ. ಚಿಕ್ಕಿಯ ಪಾಕ 146 ಡಿಗ್ರಿ ದಾಟಿದ್ದು, ಅಲ್ಲಿ ನೀರು ಹೆಸರಿಗಷ್ಟೇ. ಸಿಹಿ ಅಳೆಯುವ ಥರ್ಮಾಮೀಟರ್ ಇದ್ದವರು ಅದನ್ನೇ ಬಳಸಬಹುದು. ಗೋಕಾಕ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರೇ ಎರಡು ಡಿಗ್ರಿಯಷ್ಟು ಮೊದಲು ಕುದಿಯುತ್ತದೆ. ಆದ್ದರಿಂದ ಪುಸ್ತಕದ ಅಂಕಿಯಲ್ಲಿ ಎರಡು ಕಳೆದು ನೋಡಬೇಕು. ಬಟ್ಟಲಿಗೆ ಈ ಕಳೆಯುವ ಲೆಕ್ಕವೇ ಬೇಡ.

ಮೊಮ್ಮಗಳು ಥರ್ಮಾಮೀಟರ್ ಹಿಡಿದು ನಿಂತಿದ್ದಳು. ಅವ್ವ ‘ಇಲ್ಲೇ’ ಎಂದಾಗ ಅದರಲ್ಲಿ 118 ಇತ್ತು. ಗಾಣದಲ್ಲಿ ಬೆಲ್ಲ ಇಳಿಸುವ ಹದದ ಅಂಕಿಯೇ ಇದೂ. ಆಗ ಹೊಳೆಯಿತು. ನಾವು ಮಾಡುತ್ತಿರುವುದು ಗಾಣದವರು ಒಮ್ಮೆ ಮಾಡಿ ಮುಗಿಸಿದ ಕೆಲಸವನ್ನೇ. ಗಟ್ಟಿ ಬೆಲ್ಲಕ್ಕೆ ನೀರು ಹಾಕಿ ಕರಗಿಸುತ್ತೇವೆ, ಹಾಕಿದ ನೀರನ್ನು ಮತ್ತೆ ಆರಿಸಿ ಹಳೆಯ ಹದಕ್ಕೆ ತರುತ್ತೇವೆ. ಆರಿದ ಮೇಲೆ ಅದು ಪುನಃ ಪೆಂಟೆಯಾಗಲು ಹವಣಿಸುತ್ತದೆ. ಅಷ್ಟರೊಳಗೆ ನಾವು ಉತ್ತತ್ತಿ, ಕೊಬ್ಬರಿ, ಗೋಡಂಬಿಗಳನ್ನು ಅದರ ದಾರಿಯಲ್ಲಿ ಇಟ್ಟಿರುತ್ತೇವೆ. ಕರದಂಟು ಎಂದರೆ ಒಣಹಣ್ಣು ನುಂಗಿ ಕುಳಿತ ಬೆಲ್ಲದ ಪೆಂಟೆ.

ಚಿಕ್ಕಿಯಂತೆ ಸಿಡಿಯದೆ ಕರದಂಟು ಅಗಿಯಲು ಬಗ್ಗುವುದಕ್ಕೆ ಉಳಿದ ಆ ನೀರು ಒಂದು ಕಾರಣ. ಬೆಲ್ಲದಲ್ಲಿ ಸಹಜವಾಗಿಯೇ ಇರುವ ಗ್ಲೂಕೋಸ್, ಫ್ರಕ್ಟೋಸ್ ಇನ್ನೊಂದು. ದೊಡ್ಡ ಹರಳು ಕಟ್ಟದಂತೆ ಅವು ತಡೆಯುತ್ತವೆ. ಅವಕ್ಕೆ ಗಾಳಿಯ ಪಸೆ ಹೀರುವ ಚಾಳಿಯೂ ಇದೆ. ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಕರದಂಟು ಜಿಗುಟಾಗುವುದು ಅದರಿಂದಲೇ.

ಮನೆಯಲ್ಲಿ ಮಾಡುವ ಬಗೆ

ಸುಮಾರು ಒಂದೂಕಾಲು ಕಿಲೋ ಕರದಂಟಿಗೆ ಅವ್ವನ ಅಳತೆ ಹೀಗೆ. ಅಂಟು 100 ಗ್ರಾಂ. ಬೀಜ ತೆಗೆದ ಉತ್ತತ್ತಿ 150 ಗ್ರಾಂ. ತುರಿದ ಒಣ ಕೊಬ್ಬರಿ 200 ಗ್ರಾಂ. ಗೋಡಂಬಿ, ಬಾದಾಮಿ, ಅಂಜೂರ, ಒಣದ್ರಾಕ್ಷಿ ತಲಾ 100 ಗ್ರಾಂ. ಗಸಗಸೆ ಎರಡು ದೊಡ್ಡ ಚಮಚ. ಬೆಲ್ಲ 350 ಗ್ರಾಂ. ತುಪ್ಪ 150 ಗ್ರಾಂ. ಏಲಕ್ಕಿ ಎಂಟು ಹತ್ತು, ಜಾಜಿಕಾಯಿ ಕಾಲು ಭಾಗ.

ಮೊದಲ ಕೆಲಸ ಹೆಚ್ಚುವುದು. ಉತ್ತತ್ತಿ ಕಲ್ಲಿನಂತಿರುತ್ತದೆ, ಅಡಕೊತ್ತಿನಲ್ಲಿ ಕತ್ತರಿಸಿದರೆ ಕೈ ಉಳಿಯುತ್ತದೆ. ಅಂಜೂರವನ್ನು ಕಡಲೆಗಿಂತ ತುಸು ದೊಡ್ಡದಾಗಿ, ಗೋಡಂಬಿ, ಬಾದಾಮಿಗಳನ್ನು ಎರಡು ಮೂರು ತುಂಡಾಗಿ ಮಾಡಿಕೊಳ್ಳಿ. ಎಲ್ಲವೂ ಒಂದೇ ಗಾತ್ರ ಇರಬಾರದು, ಪುಡಿಯಂತೂ ಆಗಲೇಬಾರದು. ತುಂಡು ಸಣ್ಣದಾದಷ್ಟೂ ಮೇಲ್ಮೈ ಹೆಚ್ಚುತ್ತದೆ, ಬೆಲ್ಲ ಸಾಲದೆ ಬರುತ್ತದೆ.

ಎರಡನೆಯದು ಕರಿಯುವುದು. ತುಪ್ಪ ಕಾಯಿಸಿ ಒಂದು ಹರಳು ಅಂಟು ಹಾಕಿ ನೋಡಿ. ತಳಕ್ಕೆ ಹೋಗಿ ಕೂಡಲೇ ಅರಳುತ್ತ ಮೇಲೆ ಬಂದರೆ ಉರಿ ಸರಿಯಿದೆ. ತಳದಲ್ಲೇ ಕುಳಿತರೆ ತುಪ್ಪ ಇನ್ನೂ ತಣ್ಣಗಿದೆ, ಒಮ್ಮೆಲೆ ಕೆಂಪಾದರೆ ಹೆಚ್ಚು ಕಾದಿದೆ. ಒಂದೊಂದು ಮುಷ್ಟಿಯಂತೆ ಕರಿದು ತೆಗೆಯಿರಿ. ಒಟ್ಟಿಗೆ ಸುರಿದರೆ ತುಪ್ಪದ ಬಿಸಿ ಇಳಿದು ಹರಳುಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಅದೇ ತುಪ್ಪದಲ್ಲಿ ಗೋಡಂಬಿ, ಬಾದಾಮಿ, ಉತ್ತತ್ತಿ ಬೇರೆ ಬೇರೆಯಾಗಿ ಬಾಡಿಸಿ. ದ್ರಾಕ್ಷಿ, ಅಂಜೂರಕ್ಕೆ ಬಿಸಿ ತಾಗಿದರೆ ಸಾಕು. ಕೊಬ್ಬರಿ, ಗಸಗಸೆಯನ್ನು ತುಪ್ಪವಿಲ್ಲದೆ ಸಣ್ಣ ಉರಿಯಲ್ಲಿ ಹುರಿಯಿರಿ. ಕೊಬ್ಬರಿಯಲ್ಲಿ ಪಸೆ ಉಳಿದರೆ ಮುಂದೆ ಕಮಟು ವಾಸನೆ ಬರುತ್ತದೆ.

ಕರಿದ ಅಂಟೊಂದನ್ನು ಬಿಟ್ಟು ಉಳಿದೆಲ್ಲವನ್ನೂ ದೊಡ್ಡ ಪರಾತದಲ್ಲಿ ಬೆರೆಸಿ, ಬೆಚ್ಚಗಿರುವಂತೆ ಒಲೆಯ ಪಕ್ಕ ಇಟ್ಟುಕೊಳ್ಳಿ. ಈ ಮಾತನ್ನು ಅಡುಗೆ ಬರೆಯುವವರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ತಣ್ಣಗಿನ ಸಾಮಾನಿನ ಮೇಲೆ ಬಿದ್ದ ಪಾಕ ತಾಗಿದಲ್ಲೇ ಗಟ್ಟಿಯಾಗುತ್ತದೆ, ಒಳಗೆ ಇಳಿಯುವುದಿಲ್ಲ.

ಬೆಲ್ಲಕ್ಕೆ ಅರ್ಧ ಬಟ್ಟಲು ನೀರು ಹಾಕಿ ಕರಗಿಸಿ ಸೋಸಿಕೊಳ್ಳಿ. ಕಬ್ಬಿನ ಹೊಲದ ಮಣ್ಣು ಬಟ್ಟೆಯಲ್ಲಿ ಉಳಿಯುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ತುಪ್ಪದ ಜತೆ ಮತ್ತೆ ಕುದಿಯಲಿಡಿ. ದೊಡ್ಡ ಗುಳ್ಳೆಗಳು ಹೋಗಿ ಸಣ್ಣ, ಮಂದ ಗುಳ್ಳೆ ಬರಲು ಶುರುವಾದ ಮೇಲೆ ಬಟ್ಟಲಿನಿಂದ ಕಣ್ಣು ತೆಗೆಯಬೇಡಿ. ಉಂಡೆ ನಿಂತ ಕೂಡಲೇ ಉರಿ ಆರಿಸಿ, ಏಲಕ್ಕಿ, ಜಾಜಿಕಾಯಿ ಪುಡಿ ಉದುರಿಸಿ, ಪರಾತಕ್ಕೆ ಸುರಿಯಿರಿ. ಇನ್ನು ಎರಡು ಮೂರು ನಿಮಿಷ ಮಾತ್ರ ನಿಮ್ಮದು. ಒಬ್ಬರು ಸುರಿಯಬೇಕು, ಇನ್ನೊಬ್ಬರು ತಿರುವಬೇಕು. ಅಂಟನ್ನು ಕೊನೆಗೆ ಸೇರಿಸಿದರೆ ಪುಡಿಯಾಗದೆ ಉಳಿಯುತ್ತದೆ. ತುಪ್ಪ ಸವರಿದ ತಾಟಿಗೆ ಹಾಕಿ, ಬಟ್ಟಲಿನ ತಳದಿಂದ ಒತ್ತಿ ಒತ್ತಿ ಹರಡಿ. ಬೆಚ್ಚಗಿರುವಾಗಲೇ ಚಾಕುವಿನಿಂದ ಗೆರೆ ಹಾಕಿ. ಪೂರ್ತಿ ಆರಿದ ಮೇಲೆ ಕತ್ತರಿಸಲು ಹೋದರೆ ಒಡೆಯುತ್ತದೆ.

ಪಾಕ ಎಳೆಯದಾಗಿ ತುಂಡುಗಳು ಕೂಡದಿದ್ದರೆ ಮಿಶ್ರಣವನ್ನು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ನೀರಾರಿಸಿ ಮತ್ತೆ ಒತ್ತಬಹುದು. ಪಾಕ ಮೀರಿದರೆ ಮಾತ್ರ ದಾರಿಯಿಲ್ಲ. ನನ್ನ ಮದುವೆಯಾದ ಮೊದಲ ವರ್ಷ ಅತ್ತೆಮನೆಯಲ್ಲಿ ನಾನು ಮಾಡಿದ ಕರದಂಟನ್ನು ಮಾವನವರು ಒರಳುಕಲ್ಲಿಗೆ ಹಾಕಿ ಕುಟ್ಟಿ ಹಂಚಿದ್ದರು. ‘ರುಚಿ ಬಾಳ ಛಲೋ ಐತಿ’ ಎಂದದ್ದು ಅವರ ದೊಡ್ಡತನ.

ಬಾಣಂತಿಯ ಕೋಣೆಯಿಂದ ಬಸ್‌ಸ್ಟ್ಯಾಂಡಿಗೆ

ಅಂಗಡಿಯ ಸಿಹಿಯಾಗುವ ಮೊದಲು ಅಂಟು ಇದ್ದದ್ದು ಬಾಣಂತಿಯ ಕೋಣೆಯಲ್ಲಿ. ತವರಿನ ಬಾಣಂತನದಲ್ಲಿ ಅಂಟು, ಉತ್ತತ್ತಿ, ಕೊಬ್ಬರಿ, ಅಳವಿ ಬೀಜ ಸೇರಿಸಿದ ಉಂಡಿ ಈ ಭಾಗದ ಮನೆಗಳಲ್ಲಿ ಇಂದಿಗೂ ತಪ್ಪುವುದಿಲ್ಲ. ಗರಡಿಯ ಪೈಲ್ವಾನರಿಗೂ ಅದೇ ತಿನಿಸು. ಇಬ್ಬರಿಗೂ ಬೇಕಾದದ್ದು ಒಂದೇ, ಸ್ವಲ್ಪ ತಿಂದರೆ ಹೆಚ್ಚು ಕಸುವು ಸಿಗುವ, ಕೆಡದೆ ವಾರಗಟ್ಟಲೆ ಇರುವ ಆಹಾರ. ಬೆಲ್ಲ ನೀರನ್ನೆಲ್ಲ ಹಿಡಿದಿಟ್ಟುಕೊಂಡಿರುವುದರಿಂದ ಬೂಸ್ಟಿಗೆ ನೀರು ದಕ್ಕುವುದಿಲ್ಲ, ಉಳಿದ ಸಾಮಾನೆಲ್ಲ ಮೊದಲೇ ಒಣಗಿದ್ದು, ಹುರಿದದ್ದು. ಗಾಳಿಯಾಡದ ಡಬ್ಬಿಯಲ್ಲಿ ತಿಂಗಳು ನಿಲ್ಲುತ್ತದೆ.

ಬಾಳಿಕೆಯ ಈ ಗುಣವೇ ಅದನ್ನು ಮಾರಾಟಕ್ಕೂ ತಂದಿತು. ದೂರ ಹೋಗುವ ಪೆಟ್ಟಿಗೆಯಲ್ಲಿ ಹಾಲಿನ ಸಿಹಿ ಹುಳಿಯುತ್ತದೆ, ಕರದಂಟು ಹುಳಿಯುವುದಿಲ್ಲ. ಜಲಪಾತ, ತೂಗುಸೇತುವೆ ನೋಡಿ ಹೊರಟವರು ಬಸ್ ಹತ್ತುವ ಮೊದಲು ಒಂದು ಡಬ್ಬಿ ಕಟ್ಟಿಸಿಕೊಳ್ಳುವುದು ಊರಿನ ರೂಢಿ. ಬಾಗಲಕೋಟೆ ಜಿಲ್ಲೆಯ ಅಮೀನಗಡಕ್ಕೂ ಇದೇ ಹೆಸರಿನ ಕೀರ್ತಿ ಇದೆ. ಯಾರದು ಹೆಚ್ಚು ಎಂಬ ಜಗಳ ಎರಡೂ ಊರಿನವರು ಕೂಡಿದ ಮದುವೆಗಳಲ್ಲಿ ಬಿಟ್ಟು ಬೇರೆಲ್ಲೂ ತೀರುವುದಿಲ್ಲ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಬೆಲ್ಲವೂ ಸಕ್ಕರೆಯೇ. ಅದರಲ್ಲಿ ಒಂದಿಷ್ಟು ಖನಿಜಾಂಶ ಇದೆಯೆಂದು ಸಕ್ಕರೆ ಕಾಯಿಲೆಯವರು ಧೈರ್ಯ ತಂದುಕೊಳ್ಳುವಂತಿಲ್ಲ. ಅಂಟು ಸಣ್ಣ ಕರುಳಿನಲ್ಲಿ ಜೀರ್ಣವಾಗದ ನಾರು, ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಹಿರಿಯರು ಬಾಣಂತಿಗೂ ದಿನಕ್ಕೆ ಒಂದೇ ಉಂಡಿ ಕೊಡುತ್ತಿದ್ದರು, ತಾಟುಗಟ್ಟಲೆ ಕೊಡುತ್ತಿರಲಿಲ್ಲ.

ರಜೆ ಮುಗಿದು ಹೊರಡುವ ಹಿಂದಿನ ರಾತ್ರಿ ಮೊಮ್ಮಗಳ ಪೆಟ್ಟಿಗೆ ತೂಕ ಮೀರಿತು. ಅವ್ವ ಒತ್ತಾಯದಿಂದ ತುಂಬಿಸಿದ್ದ ಕರದಂಟಿನ ನಾಲ್ಕು ಡಬ್ಬಿಗಳಲ್ಲಿ ಅವಳು ಎರಡನ್ನು ಹೊರಗೆ ತೆಗೆದಳು. ಅವ್ವನ ಮುಖ ಸಣ್ಣದಾಯಿತು. ಮೊಮ್ಮಗಳು ಅಡುಗೆಮನೆಗೆ ಹೋಗಿ, ಬಟ್ಟೆಯಲ್ಲಿ ಸುತ್ತಿದ್ದ ಬೆಲ್ಲದ ಪೆಂಟೆಯಲ್ಲಿ ಅರ್ಧ ಒಡೆದು ತಂದು ಆ ಜಾಗದಲ್ಲಿ ಇಟ್ಟಳು.

‘ಬಾದಾಮಿ, ಅಂಜೂರ, ಅಂಟು ಎಲ್ಲಾ ಅಲ್ಲೇ ಸಿಗತಾವ ಆಯಿ. ಇದೊಂದ ಸಿಗೂದಿಲ್ಲ.’

ಅವ್ವ ಏನೂ ಹೇಳಲಿಲ್ಲ. ಎದ್ದು ಹೋಗಿ ಉಳಿದರ್ಧವನ್ನೂ ತಂದು ತುರುಕಿದಳು.